‘ಸೂಜಿ ದಾರ’ದ ಬೋರ್ಡು

ಊರಿನಲ್ಲಿ ಎಲ್ಲರೂ ಅವರನ್ನು ಬ್ರಷ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹಾಗೆಂದು ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವರ ಕಸುಬು. ಔಷಧಿ ಅಂಗಡಿ, ಸೈಕಲ್ ಶಾಪು, ಹಲ್ಲಿನ ಡಾಕ್ಟರು, ಬೀಗ ರಿಪೇರಿಯವನು, ಹೀಗೆ ಮುಖ್ಯರಸ್ತೆಯ ಎರಡೂ ಬದಿಯಲ್ಲಿ ತೂಗುತ್ತಿದ್ದ ಅಕ್ಷರಗಳಲ್ಲಿ ಮುಕ್ಕಾಲು ಪಾಲು ಅವರ ಕೈಯವೇ. ಏಣಿ ಹತ್ತಿ, ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡು, ಒಂದು ಗೀಟೂ ಹಾಕದೆ ನೇರವಾಗಿ ಸಾಲು ಬರೆದುಬಿಡುತ್ತಿದ್ದರು. ಕೆಳಗೆ ನಿಂತವರು ಮಾತಾಡಿಸಿದರೆ ಉತ್ತರವೂ ಕೊಡುತ್ತಿದ್ದರು, ಕೈಯೂ ನಿಲ್ಲುತ್ತಿರಲಿಲ್ಲ.

ಆ ಕೈ ನಡುಗತೊಡಗಿತು. ಮೊದಲು ಗೊತ್ತಾದದ್ದು ಟೀ ಕುಡಿಯುವಾಗ. ಲೋಟ ಬಾಯಿ ಮುಟ್ಟುವಷ್ಟರಲ್ಲಿ ಅಂಗಿಯ ಮೇಲೆ ಒಂದೆರಡು ಹನಿ ಬೀಳತೊಡಗಿದವು. ಆಮೇಲೆ ಬೋರ್ಡಿನ ಮೇಲೂ ಕಾಣಿಸಿತು. ‘ದಂತ ವೈದ್ಯರು’ ಎಂದು ಬರೆದದ್ದಕ್ಕೆ ಅಂಚಿನಲ್ಲೆಲ್ಲ ಗರಗಸದ ಹಲ್ಲು ಬಂದಿತ್ತು. ದೊಡ್ಡ ಡಾಕ್ಟರು ಪರೀಕ್ಷೆ ಮಾಡಿ, “ಜೀವಕ್ಕೇನೂ ಅಪಾಯ ಇಲ್ಲ. ಆದ್ರೆ ನಡುಕ ಪೂರ್ತಿ ಹೋಗಲ್ಲ, ಅದರ ಜೊತೆ ಹೊಂದ್ಕೊಂಡು ಹೋಗ್ಬೇಕು,” ಎಂದರು. ಮೇಷ್ಟ್ರು ಮನೆಗೆ ಬಂದವರೇ ಬ್ರಷ್ಷುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಯಾರೊಂದಿಗೂ ಆ ವಿಷಯ ಎತ್ತಲಿಲ್ಲ. ಪೇಪರು ಓದುವುದು, ಗಿಡಕ್ಕೆ ನೀರು ಹಾಕುವುದು, ಹೆಂಡತಿಯ ಅಡುಗೆಗೆ ಕೊಂಕು ತೆಗೆಯುವುದು, ಇಷ್ಟರಲ್ಲೇ ದಿನ ದೂಡುತ್ತಿದ್ದರು.

ಹೀಗಿರುವಾಗ ಅವರ ತಂಗಿ ಒಂದು ಬೆಳಿಗ್ಗೆ ಏದುಸಿರು ಬಿಡುತ್ತ ಬಂದಳು. ಮನೆಯಲ್ಲೇ ಹೊಲಿಗೆ ಹೊಲಿಯುತ್ತಿದ್ದ ಹೆಂಗಸು, ಬಾಯಿ ಜೋರು, ಕೈ ಅದಕ್ಕಿಂತ ಜೋರು.

“ಅಣ್ಣಾ, ಬಸ್ ನಿಲ್ದಾಣದ ಹಿಂದೆ ಅಂಗಡಿ ಹಿಡಿದೆ. ಹೆಸರು ‘ಸೂಜಿ ದಾರ’. ಬೋರ್ಡು ನೀನೇ ಬರೀಬೇಕು.”

“ಪ್ಲಾಸ್ಟಿಕ್ಕಲ್ಲಿ ಪ್ರಿಂಟ್ ಹಾಕ್ಸು. ಅರ್ಧ ಗಂಟೆಲಿ ಕೊಡ್ತಾರೆ.”

“ಊರಿನವರಿಗೆಲ್ಲ ಬರೆದುಕೊಟ್ಟು ಒಡಹುಟ್ಟಿದವಳಿಗೆ ಪ್ಲಾಸ್ಟಿಕ್ಕಾ?”

ಮೇಷ್ಟ್ರು ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದರು. ಬೆರಳುಗಳು ಗಾಳಿಗೆ ಸಿಕ್ಕಿದ ಎಲೆಗಳ ಹಾಗೆ ಅದುರಿದವು. ತಂಗಿ ಆ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

ಇದನ್ನೆಲ್ಲ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿಸಿಕೊಂಡವಳು ಮೇಷ್ಟ್ರ ಮಗಳು. ಆಸ್ಪತ್ರೆಯಲ್ಲಿ ಯಂತ್ರಗಳನ್ನು ರಿಪೇರಿ ಮಾಡುವುದು ಅವಳ ಕೆಲಸ. ಔಷಧಿ ತಳ್ಳುವ ಪಂಪು, ಎದೆಬಡಿತ ತೋರಿಸುವ ಪರದೆ, ಹಾಸಿಗೆ ಏರಿಸುವ ಮೋಟರು, ಯಾವುದು ಕೆಟ್ಟರೂ ಅವಳಿಗೇ ಕರೆ. ಆ ದಿನ ಕೆಲಸದಲ್ಲಿದ್ದರೂ ಅಪ್ಪನ ಬೆರಳುಗಳೇ ಕಣ್ಣ ಮುಂದೆ ಬರುತ್ತಿದ್ದವು. ಸಂಜೆ ಮನೆಗೆ ಬಂದವಳೇ ಹೇಳಿದಳು: “ಅಪ್ಪ, ಬ್ರಷ್ ಹಿಡಿಯೋದಕ್ಕೆ ಒಂದು ಯಂತ್ರ ಮಾಡ್ತೀನಿ. ಅಕ್ಷರ ನಿಂದು, ಬಣ್ಣ ನಿಂದು. ಹಿಡಿಯೋದು ಮಾತ್ರ ಅದು.”

“ಯಂತ್ರ ಬರೆದ್ರೆ ಅದು ನನ್ನ ಅಕ್ಷರ ಹೇಗಾಗುತ್ತೆ?”

“ಆಗುತ್ತೆ. ನೋಡ್ತಾ ಇರು.”

ಮುಖ್ಯರಸ್ತೆಯಲ್ಲಿ ಅಪ್ಪನ ಬೋರ್ಡುಗಳ ಫೋಟೋ ತೆಗೆಯುತ್ತ ಅವಳು ಒಂದು ಇಡೀ ರಜೆ ಕಳೆದಳು. ಸೈಕಲ್ ಶಾಪಿನಿಂದ ‘ಸೂ’, ಬೀಗದವನ ಅಂಗಡಿಯಿಂದ ‘ಜಿ’, ಹೀಗೆ ಒಂದೊಂದನ್ನೂ ಹೆಕ್ಕಿ, ಬ್ರಷ್ಷು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆದಳು. ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪನ ಹಳೆಯ ಮೇಜಿನ ಮೇಲೆ ಉಕ್ಕಿನ ಸರಳು, ಹಲ್ಲಿನ ಬೆಲ್ಟು, ಮೂರು ಸ್ಟೆಪ್ಪರ್ ಮೋಟರುಗಳನ್ನು ಜೋಡಿಸಿದಳು. ಒಂದು ಬ್ರಷ್ಷನ್ನು ಎಡಕ್ಕೂ ಬಲಕ್ಕೂ ಒಯ್ಯುತ್ತಿತ್ತು. ಇನ್ನೊಂದು ಮೇಲೆ ಕೆಳಗೆ. ಮೂರನೆಯ ಪುಟಾಣಿ ಮೋಟರು ಬ್ರಷ್ಷನ್ನು ಹಾಳೆಯಿಂದ ಎತ್ತಿ ಮತ್ತೆ ಇಳಿಸುತ್ತಿತ್ತು. ಇವುಗಳಿಗೆಲ್ಲ ಹುಕುಂ ಕೊಡುವುದು ಬೆಂಕಿಪೊಟ್ಟಣದಷ್ಟೇ ದೊಡ್ಡದಾದ ಒಂದು ಮೈಕ್ರೋಕಂಟ್ರೋಲರ್.

“ಬೇರೆ ಮೋಟರು ಗಿರ್ರಂತ ತಿರುಗ್ತಾ ಇರುತ್ತೆ,” ಎಂದು ಅವಳು ಅಮ್ಮನಿಗೆ ವಿವರಿಸಿದಳು. “ಇದು ಹಾಗಲ್ಲ. ಎಷ್ಟು ಹೆಜ್ಜೆ ಹಾಕು ಅಂದ್ರೆ ಅಷ್ಟೇ ಹೆಜ್ಜೆ ಹಾಕಿ ಅಲ್ಲೇ ನಿಲ್ಲುತ್ತೆ.”

“ನಿಮ್ಮಪ್ಪನಿಗಿಂತ ವಾಸಿ ಅನ್ನು,” ಎಂದಳು ಅಮ್ಮ.

ಹಳೆಯ ದಿನಪತ್ರಿಕೆಯ ಮೇಲೆ ಮೊದಲ ಬಾರಿ ಓಡಿಸಿದಾಗ ಮೇಷ್ಟ್ರು ಮುಖ ದಪ್ಪ ಮಾಡಿಕೊಂಡೇ ನಿಂತಿದ್ದರು. ಬ್ರಷ್ಷು ಇಳಿಯಿತು, ಬಾಗಿತು, ‘ಸೂ’ ಬರೆಯಿತು. ಅವರು ಒಂದು ಹೆಜ್ಜೆ ಹತ್ತಿರ ಬಂದರು. ‘ಜಿ’ ಬಂತು. ಅದರ ತಲೆಯ ಮೇಲಿನ ಸುತ್ತು ಅವರದೇ ಸುತ್ತು, ಬೇರೆ ಯಾರೂ ಅಷ್ಟು ತೆರೆದು ಬಿಡುತ್ತಿರಲಿಲ್ಲ. “ಅಯ್ಯೋ, ಇದು ನಂದೇ ಕಣೆ,” ಎಂದು ಹೆಂಡತಿಯ ಭುಜ ಹಿಡಿದರು. ಅಷ್ಟರಲ್ಲಿ ‘ದಾ’ ಅರ್ಧ ಬರೆಯುವಾಗ ಮೋಟರು ಗರ್ರ್ ಎಂದು ಗಂಟಲು ಕಟ್ಟಿದವರ ಹಾಗೆ ಸದ್ದು ಮಾಡಿತು. ಬ್ರಷ್ಷು ಅಡ್ಡಕ್ಕೆ ಚಲಿಸುವುದನ್ನು ಬಿಟ್ಟು ನಿಂತಲ್ಲೇ ಮೇಲೆ ಕೆಳಗೆ ತಿಕ್ಕಿತು. ಮತ್ತೆ ಏನೂ ಆಗಲೇ ಇಲ್ಲ ಎನ್ನುವಂತೆ ಮುಂದೆ ಹೊರಟಿತು. ಕೊನೆಗೆ ನೋಡಿದರೆ ‘ರ’ ಬಂದು ‘ದಾ’ದ ತೊಡೆಯ ಮೇಲೆ ಕೂತಿತ್ತು.

ಮಗಳು ಮತ್ತೊಂದು ಹಾಳೆ ಹಾಸಿ ಓಡಿಸಿದಳು. ನಾಲ್ಕು ಅಕ್ಷರವೂ ಮುತ್ತು ಪೋಣಿಸಿದ ಹಾಗೆ ಬಂದವು. ಇನ್ನೊಮ್ಮೆ ಓಡಿಸಿದಳು, ಆಗಲೂ ಸರಿ. ಮತ್ತೊಮ್ಮೆ, ‘ರ’ ಮುಗಿಯುವ ಹೊತ್ತಿಗೆ ಗರ್ರ್.

ಯಾವಾಗಲೂ ಕೆಡುವ ಯಂತ್ರವಾದರೆ ಹಿಡಿಯಬಹುದು. ಆಗಾಗ ಕೆಡುವುದು ಕೈಗೆ ಸಿಗದ ಕಳ್ಳನ ಹಾಗೆ. ನೋಡುತ್ತ ಕೂತರೆ ಸಾಧುವಾಗಿರುತ್ತದೆ, ಬೆನ್ನು ತಿರುಗಿಸಿದರೆ ಕೈ ಕೊಡುತ್ತದೆ. ಆಸ್ಪತ್ರೆಯಲ್ಲಿ ಇಂಥದ್ದನ್ನು ಸಾಕಷ್ಟು ಕಂಡಿದ್ದರಿಂದ ಮಗಳು ಮೊದಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಕರೆಂಟು ಸಾಲುತ್ತಿಲ್ಲವೇನೋ ಎಂದು ದೊಡ್ಡ ಪವರ್ ಸಪ್ಲೈ ತಂದು ಹಾಕಿದಳು. ಅವತ್ತು ಸಂಜೆಯೆಲ್ಲ ಚೆನ್ನಾಗಿ ಓಡಿತು. ಮನೆಯವರೆಲ್ಲ ಖುಷಿಯಲ್ಲಿ ಊಟ ಮಾಡಿದರು. ಮಾರನೆಯ ಬೆಳಿಗ್ಗೆ ಮೊದಲ ಅಕ್ಷರದಲ್ಲೇ ಗರ್ರ್.

ಸರಳುಗಳನ್ನು ಒರೆಸಿ ಎಣ್ಣೆ ಬಿಟ್ಟಳು. ಬೆಲ್ಟನ್ನು ಬಿಗಿ ಮಾಡಿದಳು, ಮತ್ತೆ ಸಡಿಲ ಮಾಡಿದಳು. ಒಮ್ಮೆಲೇ ಓಡದೆ ನಿಧಾನವಾಗಿ ವೇಗ ಏರಿಸಿಕೊಳ್ಳುವಂತೆ ಪ್ರೋಗ್ರಾಂ ತಿದ್ದಿದಳು. ಒಂದು ದಿನ ಮೋಟರು ಪೂರ್ತಿ ಸತ್ತೇ ಹೋಯಿತು. ಮುಟ್ಟಿ ನೋಡಿದರೆ ಅದನ್ನು ನಡೆಸುವ ಡ್ರೈವರ್ ಚಿಪ್ಪು ಕಾದ ಬಾಣಲೆಯಂತಿತ್ತು.

“ಅಮ್ಮ, ಡ್ರೈವರ್ ಸುಟ್ಟುಹೋಯ್ತು!” ಎಂದು ಶೆಡ್ಡಿನಿಂದಲೇ ಕೂಗಿದಳು.

ಅಮ್ಮನ ಎದೆ ಧಸಕ್ಕೆಂದಿತು. “ಅಯ್ಯೋ ಪಾಪ! ಯಾವ ಡ್ರೈವರ್? ಯಾವ ಬಸ್ಸು?” ಎನ್ನುತ್ತ ಒದ್ದೆ ಕೈಯಲ್ಲೇ ಓಡಿಬಂದಳು. ಮಗಳು ಚಿಟಿಕೆಯಷ್ಟಿದ್ದ ಹಲಗೆಯನ್ನು ತೋರಿಸಿದಾಗ, “ಇದಕ್ಕೆ ಯಾರು ಲೈಸೆನ್ಸ್ ಕೊಟ್ಟಿದ್ದು?” ಎಂದು ಬೈದು ಒಳಗೆ ಹೋದಳು.

ಹೊಸ ಡ್ರೈವರ್ ಹಾಕಿದ್ದಾಯಿತು. ಇದೇ ಕಾರಣವಿರಬೇಕು ಎಂದುಕೊಂಡಳು. ಅಲ್ಲ. ಇನ್ನೆರಡು ದಿನಕ್ಕೆ ಅದೇ ಗರ್ರ್, ಅದೇ ಗೀಚು.

ಮೇಷ್ಟ್ರಿಗೆ ಅಷ್ಟರಲ್ಲಿ ಶೆಡ್ಡಿನ ರುಚಿ ಹತ್ತಿಬಿಟ್ಟಿತ್ತು. ಅಟ್ಟದಿಂದ ಬ್ರಷ್ಷುಗಳು ಕೆಳಗಿಳಿದಿದ್ದವು. ಬಣ್ಣಕ್ಕೆ ಎಷ್ಟು ಟರ್ಪೆಂಟೈನ್ ಸೇರಿಸಬೇಕು, ಬ್ರಷ್ಷನ್ನು ಎಷ್ಟು ಅದ್ದಬೇಕು, ಎಷ್ಟು ಒತ್ತಬೇಕು ಎಂದು ಅವರು ಹೇಳುವುದು, ಮಗಳು ಹಾಗೆ ತಿದ್ದುವುದು ನಡೆದಿತ್ತು. ಯಂತ್ರ ಓಡುವಾಗ ಮೇಜಿನ ಅಂಚಿಗೆ ಕೈಯೂರಿ, ಮೂಗು ಬೋರ್ಡಿಗೆ ತಾಗುವಷ್ಟು ಬಾಗಿ ನೋಡುತ್ತಿದ್ದರು. ಒಂದು ದಿನ ಹಾಗೆ ಬಾಗಿದ್ದಾಗಲೇ ಮೋಟರು ಮುಗ್ಗರಿಸಿತು. ಮಗಳ ಕಣ್ಣು ಮೇಜಿನ ಮೇಲಿದ್ದ ಅಪ್ಪನ ಕೈಯ ಮೇಲೆ ಬಿತ್ತು. ಆ ನಡುಕಕ್ಕೆ ಮೇಜಿನ ಮೇಲಿದ್ದ ಬಣ್ಣದ ಡಬ್ಬಿಯ ಮುಚ್ಚಳ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು.

“ಅಪ್ಪ, ನೀನು ಸ್ವಲ್ಪ ದೂರ ಕೂತ್ಕೋತೀಯಾ?”

“ಯಾಕೆ?”

“ಮೇಜು ಅಲ್ಲಾಡುತ್ತೆ. ಅದಕ್ಕೇ ಹೀಗಾಗ್ತಿದೆಯೇನೋ.”

ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡು ಕಂಕುಳಲ್ಲಿ ಅವುಚಿಕೊಂಡರು. ಬಾಗಿಲ ಬಳಿಯ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಎದ್ದು ಒಳಗೆ ಹೋದರು. ಅವತ್ತು ಸಾರಿಗೆ ಉಪ್ಪು ಕಮ್ಮಿಯಿದ್ದರೂ ಅವರು ಸೊಲ್ಲೆತ್ತಲಿಲ್ಲ. ಅಮ್ಮ ಮಗಳತ್ತ ಒಮ್ಮೆ ನೋಡಿದಳು, ಅಷ್ಟೇ. ಆ ನೋಟ ಸಾಕಾಗಿತ್ತು.

ಮರುದಿನ ಮಗಳು ಒಬ್ಬಳೇ ಶೆಡ್ಡಿನ ಬಾಗಿಲು ಹಾಕಿಕೊಂಡು, ಮೇಜನ್ನು ಮುಟ್ಟದೆ ಓಡಿಸಿದಳು. ‘ಜಿ’ಯ ನಡುವೆ ಗರ್ರ್. ಅಪ್ಪನನ್ನು ಸುಮ್ಮಸುಮ್ಮನೆ ಎಬ್ಬಿಸಿ ಕಳಿಸಿದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಯಂತ್ರದ ಮೇಲಿನ ಸಿಟ್ಟು ಈಗ ಹಟವಾಯಿತು. ಅಂದಾಜಿನ ಮೇಲೆ ಒಂದೊಂದು ಸಾಮಾನು ಬದಲಿಸುವುದನ್ನು ಬಿಟ್ಟು, ಆಸ್ಪತ್ರೆಯಲ್ಲಿ ಮಾಡುವ ಹಾಗೆ ಅನುಮಾನವನ್ನು ಅರ್ಧರ್ಧ ಕತ್ತರಿಸುತ್ತ ಬಂದಳು. ಎಡಬಲದ ಮೋಟರಿನ ಕೇಬಲ್ಲನ್ನು ಮೇಲೆಕೆಳಗಿನದರ ಡ್ರೈವರಿಗೆ, ಅದರದನ್ನು ಇದಕ್ಕೆ, ಹೀಗೆ ಅದಲುಬದಲು ಮಾಡಿ ಓಡಿಸಿದಳು. ಮುಗ್ಗರಿಸಿದ್ದು ಮತ್ತೆ ಎಡಬಲದ ಮೋಟರೇ. ಹಾಗಾದರೆ ಡ್ರೈವರೂ ಸರಿ, ಪ್ರೋಗ್ರಾಮೂ ಸರಿ. ಆ ಮೋಟರನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಬೇರೆ ಗಿಡ್ಡ ತಂತಿ ಕೊಟ್ಟು ಬಿಟ್ಟಳು. ಮಧ್ಯಾಹ್ನದ ತನಕ ತಿರುಗಿಯೇ ತಿರುಗಿತು, ಒಂದು ಸಲವೂ ಕೆಮ್ಮಲಿಲ್ಲ. ಮೋಟರೂ ಸರಿ. ಉಳಿದದ್ದು ನಡುವಿನ ಕೇಬಲ್ಲು.

ಕೇಬಲ್ಲಿನ ಎರಡು ತುದಿಗೂ ಮಲ್ಟಿಮೀಟರ್ ಹಿಡಿದಳು. ತಂತಿ ಒಳಗೆ ಇಡಿಯಾಗಿದ್ದರೆ ಮೀಟರು ಬೀಪ್ ಎನ್ನುತ್ತದೆ. ನಾಲ್ಕು ತಂತಿಗೂ ನೀಟಾಗಿ ಬೀಪ್ ಎಂದಿತು.

ಅವಳು ನೆಲದ ಮೇಲೆ ಕೂತುಬಿಟ್ಟಳು. ಎಲ್ಲವೂ ಸರಿಯಿದೆ, ಆದರೆ ಯಂತ್ರ ಸರಿಯಿಲ್ಲ.

ಆ ಹೊತ್ತಿಗೆ ಅತ್ತೆ, ಅಂದರೆ ಮೇಷ್ಟ್ರ ತಂಗಿ, ಬಂದಳು. ಅಂಗಡಿಗೆ ಬಣ್ಣ ಬಳಿದಾಗಿತ್ತು, ಹೊಲಿಗೆ ಮಿಷನ್ನು ಬಂದಾಗಿತ್ತು, ಬೋರ್ಡಿನ ಜಾಗ ಮಾತ್ರ ಖಾಲಿ. ಹಾಳೆಗಳ ರಾಶಿಯಲ್ಲಿ ಒಂದರ ಮೇಲೊಂದು ಹತ್ತಿ ಕೂತ ಅಕ್ಷರಗಳನ್ನು ನೋಡಿ, “ಬಸ್ಸಲ್ಲಿ ಸೀಟು ಸಿಗದವರ ಹಾಗಿದಾವಲ್ಲೇ!” ಎಂದಳು. ಮಗಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅದು ಅರ್ಥವಾಗಿ ಅತ್ತೆ ಅವಳ ತಲೆ ಸವರಿದಳು. “ಆಗದಿದ್ರೆ ಬಿಡು ಪುಟ್ಟಾ. ಬೋರ್ಡಿಲ್ಲದೆಯೂ ಜನ ಬರ್ತಾರೆ. ನನ್ನ ಬಾಯೇ ಒಂದು ಬೋರ್ಡು.”

“ಇಲ್ಲ ಅತ್ತೆ, ಈ ಕೇಬಲ್ಲನ್ನ ಇನ್ನೊಂದು ಸಲ ನೋಡ್ತೀನಿ. ಎರಡೂ ತುದಿಗೆ ಮೀಟರ್ ಹಿಡಿದ್ರೆ ನನ್ನ ಎರಡೂ ಕೈ ಮುಗೀತು. ನಡುವೆ ಯಾರಾದ್ರೂ ಎತ್ತಿ ಹಿಡಿಬೇಕು.”

“ನಾನು ಕರೆಂಟ್ ಮುಟ್ಟಲ್ಲಪ್ಪ!” ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ಮನೆಯ ಕಡೆ ಕೂಗಿದಳು, “ಅಣ್ಣಾ! ಬಾ ಇಲ್ಲಿ!”

ಮೇಷ್ಟ್ರು ಬಾಗಿಲವರೆಗೆ ಬಂದು ನಿಂತರು. “ನನ್ನ ಕೈ ಬೇಡ ಅಂದಿದಾರೆ.”

“ನಾನು ತಪ್ಪು ತಿಳ್ಕೊಂಡಿದ್ದೆ ಅಪ್ಪ,” ಎಂದಳು ಮಗಳು. “ಬೆಳಿಗ್ಗೆ ನೀನಿಲ್ಲದಾಗಲೂ ಕೆಟ್ಟಿತು. ಬಾ, ಹಿಡ್ಕೋ. ಕರೆಂಟ್ ಇಲ್ಲ ಇದರಲ್ಲಿ.”

“ನಡುಗುತ್ತೆ.”

“ನಡುಗಲಿ ಬಿಡು.”

ಮೇಷ್ಟ್ರು ಅರೆಮನಸ್ಸಿನಿಂದ ಬಂದು ಕೇಬಲ್ಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದರು. ಮಗಳು ಮೀಟರಿನ ಮೊನೆಗಳನ್ನು ತುದಿಗೆ ಒತ್ತಿದಳು. ಬೀಪ್ ಎಂದು ಒಂದೇ ಸಮನೆ ಕೂಗಿತು. “ಹಾಗೇ ಈ ಕಡೆ ಸರಿಸ್ಕೊಂಡು ಬಾ,” ಎಂದಳು. ಅವರ ಬೆರಳು ನಡುಗುತ್ತಲೇ ಕೇಬಲ್ಲಿನ ಉದ್ದಕ್ಕೂ ಜರುಗಿತು. ಸರಳಿನ ಮೂಲೆಯಲ್ಲಿ, ಕೇಬಲ್ಲನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದ್ದ ಜಾಗಕ್ಕೆ ಬರುತ್ತಿದ್ದಂತೆ ಮೀಟರು ತೊದಲಿತು. ಬೀ... ಬೀಬೀ... ಬೀ...

“ನೋಡು, ನೋಡು, ಹಾಳುಮಾಡ್ದೆ,” ಎಂದು ಮೇಷ್ಟ್ರು ಗಾಬರಿಯಾಗಿ ಕೈ ತೆಗೆದರು. ಮೀಟರು ಮತ್ತೆ ಒಂದೇ ಸಮನೆ ಬೀಪ್ ಎಂದಿತು.

ಮಗಳು ಮೊನೆಗಳನ್ನು ತುದಿಯಿಂದ ತೆಗೆಯದೆ ಹೇಳಿದಳು: “ಅಪ್ಪ, ಅಲ್ಲೇ ಇನ್ನೊಂದು ಸಲ ಹಿಡಿ. ಬಿಡಬೇಡ.”

ಹಿಡಿದರು. ಮತ್ತೆ ತೊದಲಿತು. ಕರೆಂಟಿಲ್ಲವೆಂದು ಒಪ್ಪಿಸಿ ಮೊನೆಗಳನ್ನು ಅತ್ತೆಯ ಕೈಗೆ ಕೊಟ್ಟು, ಅದೇ ಜಾಗವನ್ನು ಅವಳೇ ಹಿಡಿದು ನೋಡಿದಳು. ಅವಳ ಗಟ್ಟಿ ಬೆರಳುಗಳಲ್ಲಿ ಮೀಟರು ಸುಮ್ಮನೆ ಒಂದೇ ರಾಗ ಹಾಡಿತು. ಅಪ್ಪ ಹಿಡಿದರೆ ತೊದಲುತ್ತಿತ್ತು. ಅವಳು ಬ್ಲೇಡಿನಿಂದ ಪಟ್ಟಿ ಕತ್ತರಿಸಿ, ಕೇಬಲ್ಲಿನ ಹೊರಸಿಪ್ಪೆ ಸೀಳಿದಳು. ಕೆಂಪು ತಂತಿಯ ಪ್ಲಾಸ್ಟಿಕ್ಕು ಹೊರಗಿನಿಂದ ಹೊಚ್ಚಹೊಸದರಂತಿತ್ತು, ಒಳಗೆ ತಾಮ್ರ ತುಂಡಾಗಿತ್ತು. ತುಂಡಾದ ಎರಡು ತುದಿಗಳು ಒಂದಕ್ಕೊಂದು ಮುತ್ತಿಕ್ಕಿಕೊಂಡು ಕೂತಿದ್ದವು. ಸುಮ್ಮನಿದ್ದಾಗ ಕರೆಂಟು ಹಾದುಹೋಗುತ್ತಿತ್ತು. ಕೇಬಲ್ಲು ಬಾಗಿದಾಗ ಅಥವಾ ಅದುರಿದಾಗ ಬೇರೆಯಾಗುತ್ತಿದ್ದವು. ಆಗ ಮೋಟರಿಗೆ ಒಂದು ಕಾಲು ಹೋದಂತಾಗಿ ಅದು ನಿಂತಲ್ಲೇ ಗರಗರ ಎನ್ನುತ್ತಿತ್ತು. ಡ್ರೈವರನ್ನು ಸುಟ್ಟದ್ದೂ ಹೀಗೆ ಕೂಡುತ್ತ ಬಿಡುತ್ತ ಇದ್ದ ಈ ತಂತಿಯೇ.

“ನಾನೇ ಬಿಗಿಯಾಗಿ ಕಟ್ಟಿಬಿಟ್ಟಿದ್ದೆ,” ಎಂದಳು ಮಗಳು. “ಅಲ್ಲಿಯೇ ಬಾಗಿ ಬಾಗಿ ಮುರಿದಿದೆ. ಗಟ್ಟಿಯಾಗಿ ಹಿಡಿದು ನೋಡಿದ್ರೆ ಎರಡು ತುಂಡೂ ಕೂಡಿಕೊಳ್ತಾ ಇತ್ತು, ಅದಕ್ಕೇ ನನಗೆ ಸಿಗಲಿಲ್ಲ. ಅಪ್ಪ, ನಿನ್ನ ಕೈ ಇಲ್ದಿದ್ರೆ ಇದು ಸಿಗ್ತಾನೇ ಇರಲಿಲ್ಲ.”

ಮೇಷ್ಟ್ರು ತಮ್ಮ ಬೆರಳುಗಳನ್ನು ಯಾರದೋ ಎನ್ನುವಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ನಗಲು ಶುರುಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು. ಗದ್ದಲ ಕೇಳಿ ಬಂದ ಅಮ್ಮನಿಗೆ ಅತ್ತೆ ಎಲ್ಲವನ್ನೂ ತನಗೇ ಗೊತ್ತಿತ್ತು ಎನ್ನುವ ಧಾಟಿಯಲ್ಲಿ ಹೇಳಿದಳು. ಅಮ್ಮ ಗಂಡನ ಮುಖ ನೋಡಿ, “ನಾಳೆಯಿಂದ ನೀವೂ ಆಸ್ಪತ್ರೆಗೆ ಡ್ಯೂಟಿಗೆ ಹೋಗ್ರೀ,” ಎಂದಳು.

ಮಗಳು ಹೊಸದಾಗಿ ಕೂದಲಿನಷ್ಟು ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ ಮೆತ್ತನೆ ತಂತಿ ಹಾಕಿದಳು. ಎಲ್ಲೂ ಬಿಗಿಯದೆ, ಜೋಲಾಡುವಷ್ಟು ಅಗಲವಾದ ಸುತ್ತು ಬಿಟ್ಟಳು. ದಿನವಿಡೀ ಹಾಳೆಗಳ ಮೇಲೆ ಓಡಿಸಿದರು. ಅಪ್ಪ ಬೇಕೆಂದೇ ಮೇಜಿಗೆ ಕೈಯೂರಿ ನಿಂತು ಪರೀಕ್ಷೆ ಮಾಡಿದರು. ಅಕ್ಷರಗಳು ತಮ್ಮ ತಮ್ಮ ಜಾಗದಲ್ಲೇ ಕೂತವು.

ನಿಜವಾದ ಬೋರ್ಡನ್ನು ಬರೆದದ್ದು ಭಾನುವಾರ ಬೆಳಿಗ್ಗೆ. ನೀಲಿ ಬಣ್ಣದ ತಗಡು, ಮೇಲೆ ಹಳದಿ ಅಕ್ಷರ. ಬಣ್ಣ ಕಲಸಿದ್ದು ಮೇಷ್ಟ್ರೇ, ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು. “ಜಿ ಮೇಲಿನ ಸುತ್ತು ಬಿಡುವಾಗ ಬ್ರಷ್ ಒಮ್ಮೆಲೇ ಎತ್ಬಾರದು. ತೇಲಿಸಿ ಎತ್ಬೇಕು,” ಎಂದರು. ಮಗಳು ಪುಟಾಣಿ ಮೋಟರಿನ ವೇಗ ತಗ್ಗಿಸಿದಳು. “ಇನ್ನೂ ಸ್ವಲ್ಪ. ಹಾಂ, ಹಾಗೆ.” ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಮಾತಾಡಿದರೆ ಯಂತ್ರಕ್ಕೆ ದೃಷ್ಟಿಯಾಗುತ್ತದೆಂದು ಯಾರೋ ಹೇಳಿದ ಹಾಗೆ. ಬ್ರಷ್ಷು ‘ಸೂ’ ಮುಗಿಸಿತು, ಬಣ್ಣ ಅದ್ದಿಕೊಂಡು ಬಂತು, ‘ಜಿ’ ಮುಗಿಸಿತು. ‘ದಾ’ ಶುರುವಾದಾಗ ನಾಲ್ವರೂ ಒಟ್ಟಿಗೆ ಬಾಗಿದರು. ‘ರ’ದ ಕೊನೆಯ ಬಾಗು ಮುಗಿಸಿ ಬ್ರಷ್ಷು ತೇಲಿ ಮೇಲೆದ್ದಿತು.

“ಅಣ್ಣ,” ಎಂದಳು ಅತ್ತೆ ಕೊನೆಗೆ, “ಜಿ ಒಂಚೂರು ದಪ್ಪ ಆಯ್ತೇನೋ?”

“ನಿನ್ನ ಅಂಗಡಿ ಬೋರ್ಡಲ್ವಾ? ನಿನ್ನ ಹಾಗೇ ಇರಲಿ ಅಂತ ಬಿಟ್ಟೆ.”

ಅವಳು ಅಣ್ಣನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಳು.

ಅಂಗಡಿ ತೆರೆದ ದಿನ ಬೋರ್ಡಿನ ಕೆಳಗೆ ಸಾಕಷ್ಟು ಜನ ನಿಂತು ಹೋದರು. ಬ್ರಷ್ ಮೇಷ್ಟ್ರು ಮತ್ತೆ ಏಣಿ ಹತ್ತಿದರಾ ಎಂದು ಕೇಳಿದವರಿಗೆಲ್ಲ ಮೇಷ್ಟ್ರು ಒಂದೊಂದು ರೀತಿಯ ಉತ್ತರ ಕೊಟ್ಟರು. ಬೀಗ ರಿಪೇರಿಯವನು ಮಾತ್ರ ಸುಲಭಕ್ಕೆ ಬಿಡಲಿಲ್ಲ. ಅಕ್ಷರಗಳ ಅಂಚನ್ನು ಹತ್ತಿರದಿಂದ ನೋಡಿ, ಮೇಷ್ಟ್ರ ಕೈಯನ್ನೂ ನೋಡಿ, ನಿಜ ಏನೆಂದು ಪಟ್ಟು ಹಿಡಿದು ಕೇಳಿದ. ಶೆಡ್ಡಿಗೆ ಕರೆದುಕೊಂಡು ಬಂದು ತೋರಿಸಿದರು. ಅವನು ಮೂಗಿನ ಮೇಲೆ ಬೆರಳಿಟ್ಟುಕೊಂಡು, “ನಂದೂ ಬಿಸಿಲಿಗೆ ಮಾಸಿಹೋಗಿದೆ ಮೇಷ್ಟ್ರೇ. ಬರೆದುಕೊಡ್ತೀರಾ?” ಎಂದ.

ಈಗ ವಾರದ ಕೊನೆಗೆ ಅಪ್ಪ ಮಗಳು ಶೆಡ್ಡಿನಲ್ಲೇ ಇರುತ್ತಾರೆ. ಬೀಗದವನ ಬೋರ್ಡಿಗೆ ಅಕ್ಷರಗಳ ಹಿಂದೆ ತೆಳುವಾದ ನೆರಳು ಬರಬೇಕೆಂದು ಮೇಷ್ಟ್ರ ಹಟ. ನೆರಳಿಗೆ ಸಣ್ಣ ಬ್ರಷ್ಷು ಬೇಕು, ಸಣ್ಣ ಬ್ರಷ್ಷು ಬೇಗ ಒಣಗುತ್ತದೆ, ಅದಕ್ಕೆ ಬಣ್ಣ ತೆಳ್ಳಗಿರಬೇಕು, ತೆಳ್ಳಗಾದರೆ ಹರಡುತ್ತದೆ. ಇಬ್ಬರೂ ಬೆಳಗಿನಿಂದ ಇದರ ಮೇಲೆಯೇ ಜಗಳವಾಡುತ್ತಾರೆ. ಅಮ್ಮ ಟೀ ತಂದಿಟ್ಟು, ಯಾರೂ ಕುಡಿಯದ್ದನ್ನು ನೋಡಿ ಬೈದು ಹೋಗುತ್ತಾಳೆ. ಮಗಳು ಬಟನ್ನಿನ ಮೇಲೆ ಬೆರಳಿಟ್ಟು ಕಾಯುತ್ತಾಳೆ. ಮೇಷ್ಟ್ರು ಬಾಗಿ, ಬ್ರಷ್ಷಿನ ತುದಿಯನ್ನು ಕಣ್ಣು ಕಿರಿದು ಮಾಡಿ ನೋಡಿ, “ಹೂಂ, ಬಿಡು,” ಎನ್ನುತ್ತಾರೆ.